ಚಿಕ್ಕ ಮನೆಯೂ ದೊಡ್ಡ ಮಂಚವೂ

ಮನೆಯನ್ನು ಕಟ್ಟುವವನ ಕಷ್ಟವನ್ನು ಕುರಿತು ನಮ್ಮ ಹಿರಿಯರು ಗಾದೆಯನ್ನೇ ಮಾಡಿಟ್ಟಿರುವರು. ಮಾರುವವನ ಕಷ್ಟಕ್ಕೆ ಗಾದೆಯಿಲ್ಲ. ಅದನ್ನು ನಾವು ಕಳೆದ ವರ್ಷ ಅನುಭವದಿಂದಲೇ ಅರಿಯಬೇಕಾಯಿತು.

ಬೆಂಗಳೂರಿನಲ್ಲಿ ನಮ್ಮ ಮನೆಯಿದ್ದುದು 20 ಅಡಿ ಅಗಲ, 30 ಅಡಿ ಉದ್ದದ ನಿವೇಶನದಲ್ಲಿ. ಮಲಗುವ ಕೋಣೆ ಮಹಡಿಯ ಮೇಲೆ. ಅಮ್ಮನವರಿಗೆ ಮೆಟ್ಟಿಲು ಹತ್ತುವುದು ದುಸ್ತರವಾದುದರಿಂದ ಮನೆಯನ್ನು ಮಾರಲು ನಿಶ್ಚಯಿಸಿದೆವು. ಮೊದಲು ನೋಡಬಂದ ಗೃಹಸ್ಥರು ಕೋಣೆಯ ಹೊಸ್ತಿಲಲ್ಲಿಯೇ ನಿಂತುಬಿಟ್ಟರು. "ಮಂಚವೇ ಇಷ್ಟಿದ್ದರೆ ಮನುಷ್ಯರು ನಿಲ್ಲುವುದೆಲ್ಲಿ?" ಎಂದು ಅವರ ಮನೆಯವರು ಮೆಲ್ಲನೆ ಕೇಳಿದುದು ನಮ್ಮ ಕಿವಿಗೂ ಬಿದ್ದಿತು.

ಅಂದು ರಾತ್ರಿ ಅಳತೆಯ ಪಟ್ಟಿಯನ್ನು ಹಿಡಿದೆವು. ಕೋಣೆ 10 ಅಡಿ ಚೌಕ. ತಂದೆಯವರ ಕಾಲದ ಬೀಟೆಯ ಮಂಚದ ಅಗಲ 5 ಅಡಿ; ಎದುರಿನ ಮರದ ಬೀರು ಗೋಡೆಯಿಂದ 2 ಅಡಿ ಮುಂದಕ್ಕೆ. ನಡುವೆ ಉಳಿದುದು 3 ಅಡಿ. ಬೀರುವಿನ 2 ಅಡಿಯ ಬಾಗಿಲನ್ನು ತೆರೆದರೆ ಒಂದೇ ಅಡಿ! ಇಪ್ಪತ್ತು ವರ್ಷ ಅಲ್ಲಿ ಓರೆಯಾಗಿ ನಡೆದಾಡಿದ್ದರೂ ನಮಗೆ ಅದು ತೋರಿರಲಿಲ್ಲ.

ಬೀಟೆಯ ಮಂಚ ಊರಿನ ಅಣ್ಣನ ಮನೆಗೆ ಹೋಯಿತು. ಅದರ ಸ್ಥಾನಕ್ಕೆ 3 ಅಡಿ ಅಗಲದ, ಕೆಳಗೆ ಖಾನೆಗಳುಳ್ಳ ಮಂಚ ಬಂದಿತು. ಹಾಸಿಗೆ ಹೊದಿಕೆಗಳೆಲ್ಲ ಅದರೊಳಗೆ ಸೇರಿದುವು. ಕೆಳಗಿನ ಊಟದ ಮೇಜನ್ನು ತೆಗೆದು, ಗೋಡೆಗೆ ಕೀಲುಹಾಕಿದ ಒಂದೂವರೆ ಅಡಿಯ ಹಲಗೆಯನ್ನು ಬಡಗಿಯಿಂದ ಮಾಡಿಸಿದೆವು. ಊಟವಾದ ಮೇಲೆ ಮಡಚಿದರೆ ಗೋಡೆಯೇ. ಕುರ್ಚಿಗಳು ಸಣ್ಣ ಕಾಲಿನವು. ಅಡಿಯಲ್ಲಿ ನೆಲ ಕಾಣುತ್ತಿದ್ದರೆ ಕೋಣೆ ವಿಶಾಲವಾಗಿ ತೋರುವುದು. ಎತ್ತಿ ಗೋಡೆಯೊಳಕ್ಕೆ ನಿಲ್ಲಿಸುವ ಮಂಚವೂ ಉಂಟು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಸಾನ್‌ಫ್ರಾನ್ಸಿಸ್ಕೋದ ಮರ್ಫಿ ಎಂಬಾತನು ಅದನ್ನು ಪ್ರಚಾರಕ್ಕೆ ತಂದನು. ಆದರೆ ಬಿಟ್ಟುಹೋಗುವ ಮನೆಗೆ ಅಷ್ಟು ವೆಚ್ಚ ತರವಲ್ಲವೆನಿಸಿತು. ಬೆಳಗ್ಗೆ ಹಾಸಿಗೆಯನ್ನು ಸುತ್ತಿಟ್ಟು, ಮಲಗಿದ ಜಾಗದಲ್ಲಿಯೇ ಎಲೆ ಹಾಕುತ್ತಿದ್ದ ನಮ್ಮ ಹಿರಿಯರಿಗೆ ಈ ಉಪಾಯವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ದಲ್ಲಾಳಿಯು ಇನ್ನೂ ಒಂದು ಸಲಹೆ ಕೊಟ್ಟನು: "ಐದಡಿ ಉದ್ದದ ಮಂಚ ಇಡಿ ಸ್ವಾಮಿ, ಕೋಣೆ ಇನ್ನೂ ದೊಡ್ಡದಾಗಿ ಕಾಣುತ್ತೆ. ಯಾರು ಅಳತೆ ಮಾಡ್ತಾರೆ?" ನಮ್ಮ ಮನಸ್ಸು ಒಂದು ಕ್ಷಣ ಆ ಕಡೆಗೆ ವಾಲಿದುದೂ ಸುಳ್ಳಲ್ಲ. ಅಮ್ಮನವರು ಮಾತ್ರ, "ಅದರಲ್ಲಿ ಮಲಗುವವರು ಯಾರಪ್ಪ? ಕೊಂಡವರು ಬೈಯುವುದು ಈ ಮನೆಯನ್ನಲ್ಲವೆ?" ಎಂದರು. ಮರುದಿನ ಕಂಬಿಯನ್ನು ಹಿಡಿದು, ಮೆಟ್ಟಿಲಿಗೊಮ್ಮೆ ನಿಂತು, ಮೇಲೆ ಬಂದರು. ಹಳೆಯ ಮಂಚವಿದ್ದ ಜಾಗದ ಸುತ್ತ ರಂಗೋಲಿಯ ಪುಡಿಯಿಂದ ಗೆರೆ ಎಳೆದರು. ನಾವೆಲ್ಲರೂ ಹುಟ್ಟಿದುದು ಆ ಮಂಚದ ಮೇಲೆ. ಗೆರೆ ಮುಗಿದ ಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದರು.

ಆ ವಾರ ಬಂದ ಯುವ ದಂಪತಿಗಳಿಗೆ, "ಇಬ್ಬರು ಮಲಗುವ ಮಂಚವಾದರೆ ಇಷ್ಟು ಜಾಗ ಬೇಕು, ಬೀರು ಗಿಡ್ಡವಾಗಿರಲಿ, ಅದಕ್ಕೆ ಜಾರುವ ಬಾಗಿಲಿರಲಿ" ಎಂದು ಗೆರೆಯನ್ನು ತೋರಿಸಿ ಹೇಳಿದೆವು. ಆಕೆ ಗೆರೆಯ ಹೊರಗೆ ಎರಡು ಬಾರಿ ನಡೆದು ನೋಡಿ, "ಸಾಕು, ನಮಗೆ ಹಿಡಿಸುತ್ತದೆ" ಎಂದಳು. ನಾವು ಕೇಳಿದುದಕ್ಕಿಂತ ಸ್ವಲ್ಪ ಕಡಮೆಗೆ ವ್ಯವಹಾರ ಮುಗಿಯಿತು.

ಚಿಕ್ಕ ಮನೆಯನ್ನು ಮಾರುವ ಗೃಹಸ್ಥರಿಗೆ ನಮ್ಮ ವಿಜ್ಞಾಪನೆ ಇಷ್ಟೆ: ಸಾಮಾನನ್ನು ಕಡಮೆ ಮಾಡಿರಿ, ಅಳತೆಯನ್ನು ಮಾತ್ರ ಮರೆಮಾಡಬೇಡಿರಿ.