ಏಳದ ಹೊಗೆಯ ವ್ಯಾಪಾರ

ಅಡಿಕೆ, ಕಾಳುಮೆಣಸು ಮಾರಿ ಬದುಕಿದ ಮನೆಯಿಂದ ಬಂದವನು ನಾನು. ವ್ಯಾಪಾರವೆಂದರೆ ತಕ್ಕಡಿಗೆ ಏರುವ ವಸ್ತು ಇರಲೇಬೇಕು ಎಂದುಕೊಂಡಿದ್ದೆ. ಈಗ ನಾನಿರುವ ಸೀಟಲ್‌ನಲ್ಲಿ ಮನೆಗೆ ಕರೆಂಟು ಕೊಡುವ, ನಗರದ್ದೇ ಆದ ಸಿಟಿ ಲೈಟ್ ಸಂಸ್ಥೆಗೆ ಏಳದೇ ಹೋದ ಹೊಗೆಯೂ ಮಾರುವ ಸರಕು. ಅದಕ್ಕೂ ತೂಕವುಂಟು. ಒಂದು ಕ್ರೆಡಿಟ್ ಎಂದರೆ ಗಾಳಿಗೆ ಸೇರದೆ ಉಳಿದ ಒಂದು ಮೆಟ್ರಿಕ್ ಟನ್ ಇಂಗಾಲದ ಡೈಆಕ್ಸೈಡ್.

ವಾಷಿಂಗ್ಟನ್ ರಾಜ್ಯ 2021ರಲ್ಲಿ ಶುದ್ಧ ಇಂಧನದ ಕಾನೂನು ಮಾಡಿತು. 2023ರ ಜನವರಿಯಿಂದ ಅದು ಜಾರಿಯಲ್ಲಿದೆ. ಕ್ಯಾಲಿಫೋರ್ನಿಯಾದಲ್ಲಿ ಇಂಥದ್ದು 2011ರಿಂದಲೇ ಇದೆ. ಪೆಟ್ರೋಲು ಎಷ್ಟು ಮಾರಿದಿರಿ ಎಂದು ಈ ಕಾನೂನು ಕೇಳುವುದಿಲ್ಲ, ಮಾರಿದ ಇಂಧನ ಎಷ್ಟು ಕೊಳಕು ಎಂದು ಕೇಳುತ್ತದೆ. ವರ್ಷದ ಮಿತಿ ದಾಟಿದ ತೈಲ ಕಂಪನಿಯ ಖಾತೆಯಲ್ಲಿ ಸಾಲ ಬೀಳುತ್ತದೆ. ಸಾಲ ತೀರಿಸಲು ಅದು ಕ್ರೆಡಿಟ್ ಕೊಳ್ಳಬೇಕು. ಮನೆಗಳಲ್ಲಿ ಕಾರು ಚಾರ್ಜ್ ಮಾಡಿದ್ದಕ್ಕೆ ಹುಟ್ಟುವ ಕ್ರೆಡಿಟ್ ಸಾಮಾನ್ಯವಾಗಿ ವಿದ್ಯುತ್ ಸಂಸ್ಥೆಯ ಪಾಲು.

ನನ್ನ ಕಾರು ವರ್ಷಕ್ಕೆ ಸುಮಾರು ಮೂರು ಸಾವಿರ ಯೂನಿಟ್ ಕುಡಿಯುತ್ತದೆ. ಇಲ್ಲಿನ ಕರೆಂಟು ಬಹುಪಾಲು ಜಲವಿದ್ಯುತ್ತು. ಹಾಗಾಗಿ ಸಾವಿರ ಯೂನಿಟ್ಟಿಗೆ ಹತ್ತಿರ ಹತ್ತಿರ ಒಂದು ಕ್ರೆಡಿಟ್. ಅಂದರೆ ನಾನು ಮಲಗಿರುವಾಗ ಗ್ಯಾರೇಜಿನಲ್ಲಿ ವರ್ಷಕ್ಕೆ ಮೂರು ಟನ್ ಸರಕು ತಯಾರಾಗುತ್ತಿದೆ, ನನಗೆ ಬಿಡಿಗಾಸೂ ಇಲ್ಲ! ಬೇಸರವೇನಿಲ್ಲ. ಆ ಹಣದಲ್ಲಿ ವಿದ್ಯುತ್ ವಾಹನಗಳಿಗೆ ದಾರಿ ಮಾಡಿಕೊಡಬೇಕೆಂಬುದು ಕಾನೂನಿನ ಆಶಯ. ನನ್ನ ಕಿಸೆಗಿಂತ ಅದು ಒಳ್ಳೆಯ ಜಾಗ. ಆದರೆ ನೆಚ್ಚಿಕೊಳ್ಳುವಂಥ ಆದಾಯವಲ್ಲ. ಕ್ಯಾಲಿಫೋರ್ನಿಯಾದಲ್ಲಿ 2020ರಲ್ಲಿ 200 ಡಾಲರಿನ ಆಸುಪಾಸಿನಲ್ಲಿದ್ದ ಕ್ರೆಡಿಟ್ 2024ರಲ್ಲಿ 50ರ ಕೆಳಗೂ ಇಳಿದಿತ್ತು. ಅಡಿಕೆ ಧಾರಣೆ ಕಂಡವರಿಗೆ ಇದೇನೂ ಹೊಸದಲ್ಲ ಬಿಡಿ.

ನನ್ನನ್ನು ಕೊರೆಯುವುದು ಬೇರೆ ಪ್ರಶ್ನೆ. ತೈಲ ಕಂಪನಿ ಕ್ರೆಡಿಟ್ಟಿಗೆ ಕೊಟ್ಟ ದುಡ್ಡನ್ನು ಪಂಪಿನಲ್ಲಿ ಒಂದಿಷ್ಟಾದರೂ ವಸೂಲಿ ಮಾಡದೆ ಬಿಡುತ್ತದೆಯೇ? ನಮ್ಮ ಆಫೀಸನ್ನು ರಾತ್ರಿ ಸ್ವಚ್ಛಗೊಳಿಸಲು ಬರುವ ಇಥಿಯೋಪಿಯಾ ಮೂಲದ ಮಹಿಳೆಯೊಬ್ಬರಿದ್ದಾರೆ. ಸೀಟಲ್‌ನ ಬಾಡಿಗೆ ಕಟ್ಟಲಾರದೆ ದಕ್ಷಿಣದ ಕೆಂಟ್ ಊರಿಗೆ ಹೋದವರು. ಹಳೆಯ ಕೊರೊಲಾ ಓಡಿಸಿಕೊಂಡು ಬರುತ್ತಾರೆ. ಒಮ್ಮೆ ನನ್ನ ಕಾರಿನ ಬಗ್ಗೆ ವಿಚಾರಿಸಿದರು. ಬೆಲೆಯನ್ನಲ್ಲ, "ಮೂರನೇ ಮಹಡಿಯಿಂದ ವೈರು ಇಳಿಬಿಡಲೇ ನಾನು?" ಎಂದು. ಇಬ್ಬರೂ ನಕ್ಕೆವು. ನನ್ನ ನಗು ಬೇಗ ನಿಂತಿತು.

ಗ್ಯಾರೇಜಿಲ್ಲದವರಿಗಾಗಿ ಸಿಟಿ ಲೈಟ್ ರಸ್ತೆ ಬದಿಯಲ್ಲೇ ಚಾರ್ಜರ್ ಹಾಕಿಸತೊಡಗಿದೆ. ಇಂಥ ಕೆಲಸಕ್ಕೇ ಈ ಹಣ ಮೊದಲು ಹೋಗಬೇಕೆಂದು ನನ್ನ ಪಕ್ಷಪಾತ. ಹೊಸ ಕಾರು ಕೊಳ್ಳುವವನಿಗೆ ಇನ್ನೊಂದು ರಿಯಾಯಿತಿ ಕೊಡುವುದು ಹೊಟ್ಟೆ ತುಂಬಿದವನಿಗೆ ಬಡಿಸಿದ ಹಾಗೆ. ಆದರೆ ಕೆಂಟ್ ಸಿಟಿ ಲೈಟಿನ ವ್ಯಾಪ್ತಿಯಲ್ಲೇ ಇಲ್ಲ. ಅಲ್ಲಿಗೆ ಕರೆಂಟು ಕೊಡುವುದು ಖಾಸಗಿ ಕಂಪನಿ. ಆಕೆ ದುಡಿಯುವ ಊರಿನ ಹಣ ಆಕೆ ಮಲಗುವ ಊರಿನ ಬೀದಿಯನ್ನು ತಲುಪುವುದಿಲ್ಲ.

ಇನ್ನು 'ಶುದ್ಧ' ಎಂಬ ಮಾತು. ನಮ್ಮ ಕರೆಂಟಿನ ಒಂದು ಪಾಲು ಸ್ಕಾಜಿಟ್ ನದಿಯ ಗಾರ್ಜ್, ಡಯಾಬ್ಲೊ, ರಾಸ್ ಅಣೆಕಟ್ಟುಗಳದ್ದು. ಗಾರ್ಜ್ ಕೆಳಗೆ ನೀರನ್ನು ಸುರಂಗಕ್ಕೆ ತಿರುಗಿಸಿ ನದಿಯ ಒಂದು ತುಂಡನ್ನೇ ಒಣಗಿಸಲಾಗಿತ್ತು. ಸಾಲ್ಮನ್ ಮೀನಿನ ದಾರಿಗಾಗಿ ಅಲ್ಲಿನ ಸಾಕ್-ಸುಯಾಟಲ್ ಮೂಲನಿವಾಸಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಶರಾವತಿ ಹಿನ್ನೀರಿನ ಸೀಮೆಯವನಾದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಲಿಂಗನಮಕ್ಕಿಯ ನೀರಿನಡಿ ಅಜ್ಜಿಯ ತವರಿದೆ. ಕ್ರೆಡಿಟ್ಟಿನ ಸೂತ್ರದಲ್ಲಿ ಮೀನಿಗೂ ತವರಿಗೂ ಕಾಲಂ ಇಲ್ಲ. ಹಾಗೆಂದು ಪೆಟ್ರೋಲಿಗೆ ಮರಳುತ್ತೇನೆಯೇ? ಇಲ್ಲ.

2034ಕ್ಕೆ ಶೇ. 20ರಷ್ಟು ಎಂದಿದ್ದ ಇಂಗಾಲ ಕಡಿತದ ಗುರಿಯನ್ನು 2025ರಲ್ಲಿ ತಿದ್ದಿ, 2038ಕ್ಕೆ ಕನಿಷ್ಠ ಶೇ. 45 ಎಂದು ಏರಿಸಿದ್ದಾರೆ. ಕ್ರೆಡಿಟ್ಟಿಗೆ ಬೇಡಿಕೆ ಹೆಚ್ಚಬಹುದು, ಸಿಟಿ ಲೈಟಿಗೆ ವರಮಾನವೂ. ಕೊರೊಲಾ ಎರಡು ಲಕ್ಷ ಮೈಲಿ ದಾಟಿದೆಯಂತೆ. ಇನ್ನೆರಡು ವರ್ಷ ಎಳೆದರೆ ಸಾಕು, ಆಮೇಲೆ ನೋಡೋಣ ಎನ್ನುತ್ತಾರೆ ಅದರ ಒಡತಿ.