ಹನ್ನೊಂದು ನಿಮಿಷದ ಬಿಸಿಲು

ಪಕ್ಕದ ಸೀಟಿನ ಅಮ್ಮನ ಅಂಗೈಯಲ್ಲೊಂದು ನಿಂಬೆಹಣ್ಣಿತ್ತು. ಉಗುರಿನಿಂದ ಗೀರಿ ಗೀರಿ ಮೂಗಿಗೆ ಹಿಡಿಯುತ್ತಿದ್ದರು. ಬೆಂಗಳೂರಿನ ಮಗನ ಮನೆಯಿಂದ ಪುತ್ತೂರಿಗೆ ಹೊರಟವರು. ಇಷ್ಟು ವರ್ಷ ರಾತ್ರಿ ಬಸ್ಸಿನಲ್ಲೇ ಓಡಾಟ, ವಿಮಾನ ಇದೇ ಮೊದಲು. ಶಿರಾಡಿ ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳೆಸದಿರಲೆಂದು ಹಿಡಿದುಕೊಳ್ಳುತ್ತಿದ್ದ ನಿಂಬೆಹಣ್ಣೇ ವಿಮಾನಕ್ಕೂ ಮದ್ದು. ಹೆದರಿಕೆಯಾಗ್ತದೆ ಎಂದು ಕಿಟಕಿಯನ್ನು ನನಗೆ ಬಿಟ್ಟುಕೊಟ್ಟು ಕಣ್ಣು ಮುಚ್ಚಿದ್ದರು.

ದೇವನಹಳ್ಳಿಯ ನಿಲ್ದಾಣದಿಂದ ಮಂಗಳೂರಿನ ಬಜ್ಪೆಗೆ ನೇರ ಗೆರೆ ಎಳೆದರೆ ಸುಮಾರು 306 ಕಿಲೋಮೀಟರ್. ಟಿಕೆಟ್ಟಿನಲ್ಲಿ ಒಂದು ಗಂಟೆ ಚಿಲ್ಲರೆ ಎಂದಿರುತ್ತದೆ. ನೆಲದ ಮೇಲೆ ತೆವಳುವುದನ್ನು ಕಳೆದರೆ ಆಕಾಶದಲ್ಲಿರುವುದು ಮುಕ್ಕಾಲು ಗಂಟೆ. ಜಯನಗರದಿಂದ ದೇವನಹಳ್ಳಿ ಮುಟ್ಟಲು ನನಗೆ ಎರಡು ಗಂಟೆ ಹಿಡಿದಿತ್ತು. ಆ ಮಾತು ಬೇಡ ಬಿಡಿ.

ಡಿಸೆಂಬರಿನ ಸಂಜೆ. ಬಯಲುಸೀಮೆಯ ಕೆರೆಗಳು ಒಂದೊಂದಾಗಿ ಹೊಳೆದು ಆರುತ್ತಿದ್ದವು. ಹಾಸನದ ಆಸುಪಾಸು ದಾಟುತ್ತಲೇ ಕಂದು ನೆಲ ಹಸಿರಾಯಿತು, ಹಸಿರು ಮಡಿಕೆ ಬಿತ್ತು, ಆಮೇಲೆ ನೆಲವೇ ಕುಸಿದು ಹೋಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ 55 ಕಿಲೋಮೀಟರ್ ಇಳಿಯಲು ರೈಲು 57 ಸುರಂಗ ನುಗ್ಗಬೇಕು. 50 ಅಡಿಗೆ ಒಂದಡಿ ಇಳಿಜಾರು, ಎರಡು ಗಂಟೆಗೂ ಮೀರಿದ ತಾಳ್ಮೆ. ನಮಗೆ ಅದು ಮೂರ್ನಾಲ್ಕು ನಿಮಿಷ.

"ಘಾಟಿ ಯಾವಾಗ ಬರುದು?" ಅಮ್ಮ ಕಣ್ಣು ಬಿಡದೆಯೇ ಕೇಳಿದರು.

"ದಾಟಿ ಆಯ್ತಲ್ಲ ಅಮ್ಮ."

"ಎಂತ! ನಾನಿನ್ನೂ ಇದನ್ನು ಸರಿಯಾಗಿ ಮೂಸಲೇ ಇಲ್ಲ ಮಾರಾಯ್ರೆ."

ಅಷ್ಟರಲ್ಲಿ ಎದುರಿಗೆ ಸೂರ್ಯ. ಬೆಂಗಳೂರು, ಮಂಗಳೂರು ಎರಡೂ ಹೆಚ್ಚುಕಡಿಮೆ 13 ಡಿಗ್ರಿ ಅಕ್ಷಾಂಶದಲ್ಲೇ ಇವೆ. ರೇಖಾಂಶದಲ್ಲಿ ಎರಡೂಮುಕ್ಕಾಲು ಡಿಗ್ರಿಯ ಅಂತರ. ಡಿಗ್ರಿಗೆ ನಾಲ್ಕು ನಿಮಿಷದ ಲೆಕ್ಕದಲ್ಲಿ ಬೆಂಗಳೂರಿನ ಸೂರ್ಯಾಸ್ತ ಮಂಗಳೂರು ತಲುಪಲು ಹನ್ನೊಂದು ನಿಮಿಷ ಸಾಕು. ಬಸ್ಸಿಗೆ ಒಂದಿಡೀ ರಾತ್ರಿ, ವಿಮಾನಕ್ಕೆ ಮುಕ್ಕಾಲು ಗಂಟೆ ಬೇಕಾದ ದಾರಿ! ಭೂಮಿ ಇಲ್ಲಿ ಗಂಟೆಗೆ 1,600 ಕಿಲೋಮೀಟರಿಗೂ ಮೀರಿ ಹೊರಳುತ್ತಿದೆ, ಯಾರ ಹೊಟ್ಟೆಯನ್ನೂ ತೊಳೆಸದೆ. ಎಂಜಿನ್ನಿನ ಮೊರೆತ ಕೇಳುತ್ತ ಕೂತಿದ್ದ ನನಗೆ ಆ ಸದ್ದಿಲ್ಲದ ವೇಗ ನೆನೆದು ಮೈ ಜುಮ್ಮೆಂದಿತು.

ವಿಮಾನ ಕಡಲಿನ ಮೇಲೆ ಹೋಗಿ ತಿರುಗಿ ಬಂತು. ಬಜ್ಪೆಯದು ಗುಡ್ಡದ ತಲೆ ಸವರಿ ಮಾಡಿದ ರನ್‌ವೇ, 2,450 ಮೀಟರ್ ಉದ್ದ. 1951ರ ಡಿಸೆಂಬರ್ 25ರಂದು ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದದ್ದು ಇಲ್ಲಿನ ಹಳೆಯ ರನ್‌ವೇಗೆ. ಕೊನೆಯ ಗಳಿಗೆಯವರೆಗೂ ಕೆಳಗೆ ಕಣಿವೆ, ತೆಂಗಿನ ತಲೆಗಳು, ಫಕ್ಕನೆ ನೆಲ.

ಅಮ್ಮ ಫೋನು ಹಚ್ಚಿದರು. "ಮುಟ್ಟಿದೆ ಮಗಾ. ಅಲ್ಲಿ ಲೈಟ್ ಹಾಕಿ ಆಯ್ತಾ? ಇಲ್ಲಿ ಇನ್ನೂ ಬಿಸಿಲುಂಟು!" ಇಳಿಯುವ ಮುಂಚೆ ನಿಂಬೆಹಣ್ಣನ್ನು ನನ್ನ ಕೈಗಿಟ್ಟರು. ವಾಪಸ್ಸು ಬಸ್ಸಿನಲ್ಲಿ ಹೋಗ್ತೇನೆ ಎಂದಿದ್ದೆನಲ್ಲ.

ನೀವು ಡಿಸೆಂಬರಿನಲ್ಲಿ ಮಂಗಳೂರಿಗೆ ಹಾರುವುದಾದರೆ ಸಂಜೆಯ ವಿಮಾನ ಹಿಡಿಯಿರಿ, ಎಡಗಡೆಯ ಕಿಟಕಿ ಕೇಳಿ ಪಡೆಯಿರಿ.