ಹಣೆಯ ಮೇಲಿನ ಒದ್ದೆ ಬಟ್ಟೆ

ಕಳೆದ ಏಪ್ರಿಲ್‌ನಲ್ಲಿ ಆಯಿಯನ್ನು ಬಾಗಲಕೋಟೆಯ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದಾರೆಂದು ಗೊತ್ತಾದಾಗ ನಾನು ಧಾರವಾಡದಿಂದ ನೇರ ಅಲ್ಲಿಗೇ ಹೋದೆ. ಕಮತಗಿಯ ಮನೆಯಲ್ಲಿ ಎರಡು ದಿನ ಏನೂ ತಿನ್ನದೆ ಮಲಗಿದ್ದಳಂತೆ. ವಾರ್ಡಿನಲ್ಲಿ ಫ್ಯಾನು ಜೋರಾಗಿ ತಿರುಗುತ್ತಿತ್ತು. ಅವ್ವ ಆಯಿಯ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿ, ಅದು ಬಿಸಿಯಾದಂತೆಲ್ಲ ಮತ್ತೆ ನೀರಿನಲ್ಲಿ ಅದ್ದಿ ಹಿಂಡುತ್ತಿದ್ದಳು.

ಸಂಜೆ ಸಿಸ್ಟರ್ ಬಂದರು. ಅವ್ವ ಬಟ್ಟೆ ತೆಗೆದು ಪಕ್ಕಕ್ಕೆ ಸರಿದಳು. ಗನ್ನಿನಂಥ ಥರ್ಮಾಮೀಟರನ್ನು ಸಿಸ್ಟರ್ ಹಣೆಯ ಹತ್ತಿರ ಹಿಡಿದರು.

"ತೊಂಬತ್ತೇಳು ಪಾಯಿಂಟ್ ನಾಲ್ಕು. ನಾರ್ಮಲ್ ಐತ್ರಿ."

"ಅಲ್ರಿ ಸಿಸ್ಟರ್, ಮೈ ಸುಡಾಕತ್ತೈತಿ. ಹೊಟ್ಟಿ ಮುಟ್ಟಿ ನೋಡ್ರಿ," ಎಂದಳು ಅವ್ವ.

ಅವರಿಗೆ ಇನ್ನೂ ಸಾಲುಸಾಲು ಹಾಸಿಗೆ ನೋಡುವುದಿತ್ತು. ಚಾರ್ಟಿನಲ್ಲಿ ಬರೆದು ಮುಂದೆ ಹೋದರು. ನಾನೇ ಅವ್ವನಿಗೆ, "ಮಷಿನ್ ಸುಳ್ಳ ಹೇಳತೈತೇನವ್ವಾ? ಸುಮ್ನ ಹೆದರಬ್ಯಾಡ," ಎಂದೆ.

ನಾನು ಪಿಎಚ್.ಡಿ. ಮಾಡುತ್ತಿರುವುದು ಭೌತಶಾಸ್ತ್ರದಲ್ಲಿ. ಲೋಹದ ತೆಳು ಪದರಗಳನ್ನು ಕಾಯಿಸಿ ಅಳೆಯುವುದು ನನ್ನ ದಿನದ ಕೆಲಸ. ಅಳತೆಗೆ ಮೊದಲು ಥರ್ಮೋಕಪಲ್ಲನ್ನು ಕರಗುತ್ತಿರುವ ಮಂಜುಗಡ್ಡೆಯಲ್ಲಿಟ್ಟು, ಅದು ಸೊನ್ನೆ ತೋರಿಸುತ್ತದೆಯೇ ಎಂದು ನೋಡುತ್ತೇನೆ. ಮೊದಲ ವರ್ಷ ನಾನು ಯಾವ ಅಂಕಿ ತೋರಿಸಿದರೂ ನನ್ನ ಗೈಡ್ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಇದು ಯಾವುದರ ಉಷ್ಣಾಂಶ?" ಪದರದ್ದೋ, ಅದನ್ನು ಇಟ್ಟ ತಗಡಿನದ್ದೋ, ಸುತ್ತಲ ಗಾಳಿಯದ್ದೋ?

ಆ ಸಂಜೆ ಆ ಪ್ರಶ್ನೆ ನನಗೆ ಹೊಳೆಯಲಿಲ್ಲ. ಯಾಕೆಂದರೆ ಬಂದ ಅಂಕಿ ನನಗೆ ಬೇಕಾದದ್ದೇ ಆಗಿತ್ತು.

ನಸುಕಿನ ನಾಲ್ಕಕ್ಕೆ ಆಯಿ ಗಡಗಡ ನಡುಗತೊಡಗಿದಳು. ಡ್ಯೂಟಿ ಡಾಕ್ಟರ್ ಬಂದು ಕಂಕುಳಲ್ಲಿ ಡಿಜಿಟಲ್ ಥರ್ಮಾಮೀಟರ್ ಇಟ್ಟು, ತೋಳನ್ನು ಎದೆಗೆ ಒತ್ತಿ ಹಿಡಿದರು. 102.8. ಮೂತ್ರದ ಸೋಂಕು ರಕ್ತಕ್ಕೆ ಇಳಿದಿತ್ತು. ಆಯಿ ಉಳಿದಳು, ಆದರೆ ಮನೆಗೆ ಬರಲು ಒಂಬತ್ತು ದಿನ ಬೇಕಾಯಿತು. ಆ ಒಂದು ರಾತ್ರಿ ಸಿಕ್ಕಿದ್ದರೆ ಎಷ್ಟು ದಿನ ಕಡಿಮೆಯಾಗುತ್ತಿದ್ದವೋ, ಡಾಕ್ಟರನ್ನು ಕೇಳುವ ಧೈರ್ಯ ನನಗಾಗಲಿಲ್ಲ.

ಮಷಿನ್ ಕೆಟ್ಟಿತ್ತೆಂದು ನಾನು ಹೇಳಲಾರೆ. ಆ ಗನ್ನು ಓದುವುದು ಚರ್ಮದಿಂದ ಹೊರಡುವ ಅವಗೆಂಪು ಕಿರಣಗಳನ್ನು. ಅದಕ್ಕೆ ಕಾಣುವುದು ಚರ್ಮದ ಮೇಲ್ಮೈ ಮಾತ್ರ. ಫ್ಯಾನಿನ ಗಾಳಿಗೆ ಒದ್ದೆ ಹಣೆ ಆರುತ್ತಾ ತಣ್ಣಗಾಗಿತ್ತು. 97.4 ಎನ್ನುವುದು ಅವ್ವನ ಒದ್ದೆ ಬಟ್ಟೆಯ ಉಷ್ಣಾಂಶ, ಆಯಿಯ ಜ್ವರದ್ದಲ್ಲ. ಕೊರೋನಾ ಕಾಲದಲ್ಲಿ ಬಾಗಿಲುಬಾಗಿಲಿಗೂ ಈ ಗನ್ನು ಬಂತು. ಬಿಸಿಲಲ್ಲಿ ನಡೆದು ಬಂದವನ ಹಣೆ ಹೆಚ್ಚು ತೋರಿಸುತ್ತಿತ್ತು, ಬೆವೆತವನದು ಕಡಿಮೆ. ಮುಟ್ಟದೆ, ಸಾಲಿನಲ್ಲಿ ಬೇಗಬೇಗ ನೋಡಲು ಅದು ಅನುಕೂಲ. ನರಳುವ ಮುದುಕಿಗೆ ಅದೊಂದೇ ಸಾಲದು.

ಹಾಗೆಂದು ಹಳೆಯ ಪಾದರಸದ ಕಡ್ಡಿಯೂ ತಪ್ಪು ಮಾಡದ್ದೇನಲ್ಲ. ಅದರ ಬುಡದ ಹತ್ತಿರ ನಳಿಗೆ ಸಣ್ಣಗಾಗಿರುತ್ತದೆ. ಏರಿದ ಪಾದರಸ ತಾನಾಗಿ ಇಳಿಯುವುದಿಲ್ಲ. ಕೊಡವದೆ ಇಟ್ಟರೆ ಹಿಂದಿನವರ ಜ್ವರ ಮುಂದಿನವರಿಗೆ ಬರುತ್ತದೆ, ಅವಸರ ಮಾಡಿ ತೆಗೆದರೆ ಕಡಿಮೆ ತೋರುತ್ತದೆ. ಕಂಕುಳಿನ ಅಂಕಿ ಸಾಮಾನ್ಯವಾಗಿ ಬಾಯಿಯದಕ್ಕಿಂತ ಕಡಿಮೆ.

ನಾರ್ಮಲ್ ಎನ್ನುವ ಅಂಕಿಯೂ ಅಷ್ಟು ಗಟ್ಟಿಯಲ್ಲ. ಜರ್ಮನಿಯ ಲೈಪ್‌ಜಿಗ್‌ನಲ್ಲಿದ್ದ ವೈದ್ಯ ಕಾರ್ಲ್ ವುಂಡರ್‌ಲಿಶ್ ಸಾವಿರಾರು ರೋಗಿಗಳ ಕಂಕುಳಲ್ಲಿ ಅಳೆದು, 1868ರ ತನ್ನ ಪುಸ್ತಕದಲ್ಲಿ 37 ಡಿಗ್ರಿ ಸೆಲ್ಸಿಯಸ್ ಎಂದ. ಅದೇ 98.6 ಫ್ಯಾರನ್‌ಹೀಟ್. 1992ರಲ್ಲಿ ಅಮೆರಿಕದ ಫಿಲಿಪ್ ಮ್ಯಾಕೊವಿಯಾಕ್ ಮತ್ತು ಸಂಗಡಿಗರು 148 ಆರೋಗ್ಯವಂತರ ಬಾಯಿಯಲ್ಲಿ ಅಳೆದಾಗ ಸರಾಸರಿ 98.2 ಬಂತು. ವಯಸ್ಸಾದವರ ಮೈ ಇನ್ನೂ ತಂಪು, ಸೋಂಕಾದರೂ ಎಷ್ಟೋ ಸಲ ಜ್ವರ ಹೆಚ್ಚು ಏರುವುದೇ ಇಲ್ಲ. ಮಗ್ಗದಲ್ಲಿ ಕೂತ ನನ್ನ ಅಪ್ಪನಿಗೂ ಎಂಬತ್ತರ ಆಯಿಗೂ ಒಂದೇ ನಾರ್ಮಲ್ ಹೇಗಾದೀತು?

ಅವ್ವನ ಕೈಯೇ ದೊಡ್ಡದು ಎಂದು ಮುಗಿಸಿಬಿಡಬಹುದಿತ್ತು. ಆದರೆ ಚಳಿಗಾಲದಲ್ಲಿ ಪಾತ್ರೆ ತೊಳೆದು ಬಂದ ಅದೇ ಕೈಗೆ ನಮ್ಮೆಲ್ಲರ ಮೈಯೂ ಜ್ವರವೇ. ಅದು ಅವಳಿಗೂ ಗೊತ್ತು. ಆಸ್ಪತ್ರೆಯಲ್ಲಿ ಆಕೆ ಆಯಿಯ ಹೊಟ್ಟೆ ಮುಟ್ಟಿ, ಆಮೇಲೆ ತನ್ನ ಕುತ್ತಿಗೆ ಮುಟ್ಟಿಕೊಂಡು, ಮತ್ತೆ ಹೊಟ್ಟೆ ಮುಟ್ಟುತ್ತಿದ್ದಳು. ಕಂಡಿಕೆ ಸುತ್ತಿ ಬೆರಳ ತುದಿ ಒರಟಾಗಿವೆಯೆಂದು ಅಂಗೈ ಬಿಟ್ಟು ಕೈಯ ಹಿಂಬದಿಯಿಂದ. ನಾನು ಮಂಜುಗಡ್ಡೆಯಲ್ಲಿ ಮಾಡುವ ಕೆಲಸವನ್ನು ಅವಳು ತನ್ನ ಕುತ್ತಿಗೆಯಲ್ಲಿ ಮಾಡುತ್ತಿದ್ದಳು.

ಊರಿಗೆ ಬಂದ ಮೇಲೆ ಹೊಸ ಥರ್ಮಾಮೀಟರ್ ತಂದುಕೊಟ್ಟೆ. ಒದ್ದೆ ಬಟ್ಟೆಯ ವಿಷಯ ಹೇಳಿದಾಗ ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಂಗಾರ ನಂದೂ ತಪ್ಪೈತಿ," ಎಂದಳು. "ಗೊತ್ತಿದ್ದೂ ಸುಮ್ನಿದ್ದದ್ದು ನಾನವ್ವಾ," ಎಂದೆ.

ಈಗ ಗೋಡೆಯ ಕ್ಯಾಲೆಂಡರಿನಲ್ಲಿ ಆಯಿಗೆ ಆರಾಮಿದ್ದ ದಿನಗಳ ಅಂಕಿಗಳೂ ಇವೆ. ಪ್ರತಿಯೊಂದರ ಮುಂದೆ ಅವ್ವ ಹೊತ್ತು ಬರೆದು, ಪಕ್ಕದಲ್ಲಿ 'ಕಂಕಳ' ಎಂದೂ ಬರೆದಿರುತ್ತಾಳೆ.